ಹೊಗೆಯ ಖಿರ್ದಿ: ಭಾರತದ ಹಸಿರುಮನೆ ಅನಿಲಗಣನೆಯ ಒಂದು ವಿಮರ್ಶೆ

ಒಂದು ದೇಶದ ನೆಲದಿಂದ ವರ್ಷವೊಂದಕ್ಕೆ ವಾಯುಮಂಡಲವನ್ನು ಸೇರುವ ಹಸಿರುಮನೆ ಅನಿಲಗಳೆಷ್ಟು, ಅವು ಯಾವ ಯಾವ ಕಾರ್ಯಗಳಿಂದ ಹುಟ್ಟುತ್ತವೆ, ಅವುಗಳಲ್ಲಿ ಎಷ್ಟನ್ನು ಕಾಡೂ ನೆಲವೂ ಮರಳಿ ಹೀರಿಕೊಳ್ಳುತ್ತವೆ ಎಂಬುದನ್ನು ತಿಳಿಸುವ ಲೆಕ್ಕಕ್ಕೆ ಈ ಲೇಖನದಲ್ಲಿ ‘ಅನಿಲಗಣನೆ’ ಎಂಬ ಹೆಸರನ್ನು ಇಟ್ಟುಕೊಂಡಿದೆ. 1992ರ ವಾಯುಗುಣ ಒಪ್ಪಂದವನ್ನು ಅಂಗೀಕರಿಸಿದ ಪ್ರತಿಯೊಂದು ರಾಷ್ಟ್ರವೂ ಇಂತಹ ಗಣನೆಯನ್ನು ಒಪ್ಪಿಸತಕ್ಕದ್ದೆಂದು ಆ ಒಪ್ಪಂದದ 4ನೆಯ ಮತ್ತು 12ನೆಯ ವಿಧಿಗಳು ಹೇಳುತ್ತವೆ. ಅದರಂತೆ ಭಾರತವು 2004, 2012, 2016, 2018, 2021, 2023 ಮತ್ತು 2024ರಲ್ಲಿ ಏಳು ವರದಿಗಳನ್ನು ವಿಶ್ವಸಂಸ್ಥೆಗೆ ಒಪ್ಪಿಸಿದೆ. ಇವಲ್ಲದೆ 2010ರಲ್ಲಿ ಪರಿಸರ ಸಚಿವಾಲಯವು ಸ್ವಂತ ಇಚ್ಛೆಯಿಂದಲೇ ಮತ್ತೊಂದನ್ನು ಪ್ರಕಟಿಸಿತು. ಈ ಎಂಟು ಗಣನೆಗಳನ್ನು ಒಟ್ಟಿಗೆ ಇಟ್ಟು ಓದಿದವರಿಗೆ ಒಂದು ವೈಷಮ್ಯ ಎದ್ದು ಕಾಣುತ್ತದೆ. ಗುಣಾಂಕಗಳನ್ನು ಕಂಡುಹಿಡಿಯುವುದರಲ್ಲಿ ನಮ್ಮ ವಿಜ್ಞಾನಿಗಳು ತೋರಿದ ಸ್ವಾತಂತ್ರ್ಯ ದೊಡ್ಡದು. ಆದರೆ ಲೆಕ್ಕವನ್ನು ವರ್ಷದಿಂದ ವರ್ಷಕ್ಕೆ ಕಾಯ್ದುಕೊಂಡು ಬರತಕ್ಕ ವ್ಯವಸ್ಥೆಯನ್ನು ಕಟ್ಟುವುದರಲ್ಲಿ ಆಡಳಿತವು ತೋರಿದ ಶ್ರದ್ಧೆ ಅದಕ್ಕೆ ಸಮನಾಗಿಲ್ಲ. ಈ ಮಾತನ್ನು ಸಮರ್ಥಿಸುವುದೇ ಪ್ರಕೃತ ಲೇಖನದ ಉದ್ದೇಶ.

ಕಲಬುರಗಿಯ ಬೇಳೆಯ ವ್ಯಾಪಾರದಲ್ಲಿ ಬಹುಕಾಲದಿಂದ ಎರಡು ಪುಸ್ತಕಗಳು ರೂಢಿಯಲ್ಲಿವೆ. ದಿನದಿನದ ವ್ಯವಹಾರ ನಡೆದಂತೆ ನಡೆದಂತೆ ಬರೆಯುವುದು ಖಿರ್ದಿ. ಅದನ್ನು ಹೆಸರುವಾರಿ ಎತ್ತಿ ಬರೆಯುವುದು ಖತಾವಣಿ. ಖಿರ್ದಿಯಿಲ್ಲದ ಖತಾವಣಿಯನ್ನು ಯಾರೂ ನಂಬುವುದಿಲ್ಲ. ನಮ್ಮ ಅನಿಲಗಣನೆಯಲ್ಲಿ ಖತಾವಣಿಯು ಅಚ್ಚುಕಟ್ಟಾಗಿ ಅಚ್ಚಾಗಿ ಬರುತ್ತದೆ. ಖಿರ್ದಿ ಎಲ್ಲಿದೆ, ಯಾರ ವಶದಲ್ಲಿದೆ ಎಂಬ ಪ್ರಶ್ನೆಗೆ ಮಾತ್ರ ಉತ್ತರ ಸುಲಭವಾಗಿ ದೊರೆಯುವುದಿಲ್ಲ.

ಲೆಕ್ಕದ ರೀತಿಯನ್ನು ತಿಳಿಯಲು ದೂರ ಹೋಗಬೇಕಾದುದಿಲ್ಲ. ಭೀಮಾ ಪ್ರದೇಶದ ಸುಣ್ಣಕಲ್ಲಿನ ಪದರಗಳು ಶಹಾಬಾದಿನಲ್ಲಿ ಮನೆಯ ನೆಲಕ್ಕೆ ಹಾಸುವ ಫರಸಿಯಾಗಿ ಒದಗುತ್ತವೆ; ವಾಡಿ, ಸೇಡಂ, ಮಳಖೇಡಗಳಲ್ಲಿ ಅದೇ ಬಗೆಯ ಕಲ್ಲು ಸಿಮೆಂಟಿನ ಗೂಡುಗಳಿಗೆ ಹೋಗುತ್ತದೆ. ಶುದ್ಧವಾದ ಸುಣ್ಣಕಲ್ಲು 100 ಕಿಲೋ ಸುಟ್ಟರೆ 56 ಕಿಲೋ ಸುಣ್ಣ ಉಳಿಯುತ್ತದೆ, 44 ಕಿಲೋ ಇಂಗಾಲದ ಡೈಆಕ್ಸೈಡು ಗಾಳಿಗೆ ಸೇರುತ್ತದೆ. ಇದು ರಸಾಯನಶಾಸ್ತ್ರದ ನಿಯಮ. ಕಾರ್ಖಾನೆಯವರ ಜಾಣತನದಿಂದ ಇದನ್ನು ಕಡಿಮೆ ಮಾಡುವಂತಿಲ್ಲ. ಗೂಡಿನಿಂದ ಹೊರಬರುವ ಕ್ಲಿಂಕರಿನಲ್ಲಿ ನೂರಕ್ಕೆ ಸುಮಾರು 65 ಪಾಲು ಸುಣ್ಣವಿರುವುದರಿಂದ, ಒಂದು ಟನ್ನು ಕ್ಲಿಂಕರಿಗೆ 0.51 ಟನ್ನು ಇಂಗಾಲದ ಡೈಆಕ್ಸೈಡು ಎಂದಾಯಿತು. ಗೂಡಿನಿಂದ ಹಾರಿಹೋಗುವ ಧೂಳನ್ನು ಸೇರಿಸಿ ಅಂತರರಾಷ್ಟ್ರೀಯ ಮಾರ್ಗಸೂಚಿಯು ಇದನ್ನು 0.52 ಎಂದು ಇಟ್ಟಿದೆ. ನಮ್ಮ 2010ರ ಗಣನೆಯು ಭಾರತದ ಕಾರ್ಖಾನೆಗಳ ಮಾಹಿತಿಯನ್ನು ಅನುಸರಿಸಿ 0.537 ಎಂದು ಹಿಡಿಯಿತು. ಹೀಗೆ ಒಂದು ಮಾನದ ಕಾರ್ಯಕ್ಕೆ ಎಷ್ಟು ಅನಿಲವೆಂದು ಹೇಳುವ ಸಂಖ್ಯೆಯೇ ಉತ್ಸರ್ಜನ ಗುಣಾಂಕ. ಕಾರ್ಯದ ಮೊತ್ತವನ್ನು ಗುಣಾಂಕದಿಂದ ಗುಣಿಸಿದರೆ ಉತ್ಸರ್ಜನೆ ಬರುತ್ತದೆ. 0.52ಕ್ಕೂ 0.537ಕ್ಕೂ ಇರುವ ಅಂತರ ಅಲ್ಪವೆಂದು ತೋರಬಹುದು; ಆದರೆ ಹತ್ತು ಲಕ್ಷ ಟನ್ನು ಕ್ಲಿಂಕರಿಗೆ ಅದು 17,000 ಟನ್ನು ಅನಿಲವಾಗುತ್ತದೆ.

ಇಲ್ಲಿ ಇನ್ನೊಂದು ಸೂಕ್ಷ್ಮವುಂಟು. ಅದೇ ಗೂಡಿನಲ್ಲಿ ಕಲ್ಲಿದ್ದಲೂ ಉರಿಯುತ್ತದೆ. ಕಲ್ಲಿನಿಂದ ಬಂದ ಅನಿಲವೂ ಕಲ್ಲಿದ್ದಲಿನಿಂದ ಬಂದ ಅನಿಲವೂ ಒಂದೇ ಚಿಮಣಿಯಿಂದ ಹೊರಡುತ್ತವೆ. ಗಣನೆಯಲ್ಲಿ ಮಾತ್ರ ಮೊದಲನೆಯದು ಕೈಗಾರಿಕಾ ಪ್ರಕ್ರಿಯೆಯ ಪುಟಕ್ಕೆ, ಎರಡನೆಯದು ಶಕ್ತಿಯ ಪುಟಕ್ಕೆ ಹೋಗುತ್ತದೆ. 2010ರಲ್ಲಿ ಪ್ರಕಟವಾದ ಗಣನೆಯು ಎರಡನ್ನೂ ಕೈಗಾರಿಕೆಯಡಿಯಲ್ಲಿಯೇ ಕೂಡಿಸಿ, 2007ರಲ್ಲಿ ದೇಶದ ಸಿಮೆಂಟು ಉದ್ಯಮದಿಂದ ಸುಮಾರು 13 ಕೋಟಿ ಟನ್ನು ಹೊರಟಿತೆಂದೂ ಅದರಲ್ಲಿ ನೂರಕ್ಕೆ 56 ಪಾಲು ಕಲ್ಲಿನದೆಂದೂ ಹೇಳಿತು. ವಿಶ್ವಸಂಸ್ಥೆಗೆ ಹೋದ ವರದಿಗಳಲ್ಲಿ ಇವೆರಡೂ ಬೇರೆಯಾಗಿವೆ. ಆದುದರಿಂದ ಒಂದು ವರದಿಯ ಕೈಗಾರಿಕಾ ಮೊತ್ತವನ್ನು ಇನ್ನೊಂದರ ಕೈಗಾರಿಕಾ ಮೊತ್ತಕ್ಕೆ ಹೋಲಿಸುವ ವಿದ್ಯಾರ್ಥಿಯು ತಲೆಬರಹವನ್ನು ಮಾತ್ರ ನೋಡಿದರೆ ದಾರಿತಪ್ಪುವುದು ನಿಶ್ಚಯ.

ಗುಣಾಂಕವು ಕೇವಲ ಪ್ರಯೋಗಶಾಲೆಯ ವಿಷಯವಲ್ಲ, ರಾಜಕಾರಣದ ವಿಷಯವೂ ಹೌದೆಂಬುದನ್ನು ಭಾರತವು ಬತ್ತದ ಗದ್ದೆಯಲ್ಲಿ ಕಲಿಯಿತು. ನೀರು ನಿಂತ ಗದ್ದೆಯ ಕೆಸರಿನಲ್ಲಿ ಆಮ್ಲಜನಕವಿಲ್ಲದಿದ್ದಾಗ ಕೆಲವು ಸೂಕ್ಷ್ಮಜೀವಿಗಳು ಮೀಥೇನನ್ನು ಹುಟ್ಟಿಸುತ್ತವೆ. 1990ರ ಸುಮಾರಿನಲ್ಲಿ ಅಮೆರಿಕದ ಪರಿಸರ ಸಂರಕ್ಷಣ ಸಂಸ್ಥೆಯು, ಪಾಶ್ಚಾತ್ಯ ದೇಶಗಳ ಗದ್ದೆಗಳಲ್ಲಿ ದೊರೆತ ಅಳತೆಗಳನ್ನು ಭಾರತಕ್ಕೆ ಹಚ್ಚಿ, ನಮ್ಮ ಗದ್ದೆಗಳಿಂದ ವರ್ಷಕ್ಕೆ 378 ಲಕ್ಷ ಟನ್ನು ಮೀಥೇನು ಹೊರಡುತ್ತದೆಂದು ಅಂದಾಜು ಮಾಡಿತು. ಅದೇ ಕಾಲದಲ್ಲಿ ವಾಷಿಂಗ್ಟನ್ನಿನ ವಿಶ್ವ ಸಂಪನ್ಮೂಲ ಸಂಸ್ಥೆಯು ಚೀನಾ, ಬ್ರೆಜಿಲ್, ಭಾರತಗಳನ್ನು ಭೂಮಿಯನ್ನು ಕಾಯಿಸುವ ರಾಷ್ಟ್ರಗಳ ಮುಂಚೂಣಿಯ ಸಾಲಿನಲ್ಲಿ ನಿಲ್ಲಿಸಿತು. ಇದಕ್ಕೆ ಎರಡು ಬಗೆಯ ಉತ್ತರಗಳು ಹುಟ್ಟಿದುವು. 1991ರಲ್ಲಿ ಅನಿಲ್ ಅಗರವಾಲ್ ಮತ್ತು ಸುನೀತಾ ನಾರಾಯಣ್ ಅವರು ನೀತಿಯ ಪ್ರಶ್ನೆಯನ್ನು ಎತ್ತಿ, ಬಡವನ ಗದ್ದೆಯ ಹಾಗೂ ದನದ ಅನಿಲವನ್ನು ಸಿರಿವಂತನ ಮೋಟಾರುಗಾಡಿಯ ಅನಿಲದೊಡನೆ ಒಂದೇ ತಕ್ಕಡಿಯಲ್ಲಿ ತೂಗಬಹುದೇ ಎಂದು ಕೇಳಿದರು. ಇನ್ನೊಂದು ಉತ್ತರ ಅಳತೆಯದು. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಶಾಲೆಯ ಎ. ಪಿ. ಮಿತ್ರ ಅವರ ಮುಂದಾಳುತನದಲ್ಲಿ 1991ರಲ್ಲಿ ದೇಶದ ಹಲವು ಪ್ರದೇಶಗಳ ಗದ್ದೆಗಳಲ್ಲಿ ಪೆಟ್ಟಿಗೆಗಳನ್ನು ಕವುಚಿಟ್ಟು, ಹೊರಡುವ ಅನಿಲವನ್ನು ಹಿಡಿದು ಅಳೆದರು. ಬಂದ ಮೊತ್ತ ಸುಮಾರು 40 ಲಕ್ಷ ಟನ್ನು. ಎಂದರೆ ಹಿಂದಿನ ಅಂದಾಜಿನ ಒಂಬತ್ತನೆಯ ಒಂದು ಪಾಲಿಗಿಂತಲೂ ಕಡಿಮೆ. ಮಳೆಯನ್ನೇ ನಂಬಿದ ಗದ್ದೆ, ನಡುನಡುವೆ ಒಣಗುವ ಗದ್ದೆ, ಜೈವಿಕ ಇಂಗಾಲ ಕಡಿಮೆಯಿರುವ ಮಣ್ಣು—ಇವು ನಮ್ಮಲ್ಲಿ ಹೇರಳವಾಗಿರುವುದೇ ಇದಕ್ಕೆ ಕಾರಣ.

ಈ ಎರಡು ಉತ್ತರಗಳಲ್ಲಿ ಮೊದಲನೆಯದು ಹೆಚ್ಚು ಪ್ರಸಿದ್ಧವಾಯಿತು. ಆದರೆ ವಾದದಿಂದ ಅಂಕಿ ಬದಲಾಗುವುದಿಲ್ಲ. ಅಂಕಿಯನ್ನು ಬದಲಾಯಿಸಿದುದು ಗದ್ದೆಗೆ ಇಳಿದ ಪೆಟ್ಟಿಗೆ. ಬಡರಾಷ್ಟ್ರಗಳು ಅನಿಲಗಣನೆಯ ಗೊಡವೆಗೆ ಹೋಗಬಾರದು, ಅದು ಶ್ರೀಮಂತರು ಒಡ್ಡಿದ ಬಲೆ, ಎನ್ನುವವರು ಇಂದಿಗೂ ನಮ್ಮಲ್ಲಿದ್ದಾರೆ. ಅವರು ಈ ಪ್ರಸಂಗವನ್ನು ಮನನ ಮಾಡಬೇಕು. ನಾವು ಲೆಕ್ಕವಿಡದಿದ್ದರೆ ನಮ್ಮ ಲೆಕ್ಕವನ್ನು ಬೇರೊಬ್ಬರು ಇಡುತ್ತಾರೆ, ಅದೂ ತಮ್ಮ ಊರಿನ ಗುಣಾಂಕದಿಂದ.

ಕಲ್ಲಿದ್ದಲಿನ ಕಥೆಯೂ ಇದೇ ಜಾತಿಯದು. ಮಾರ್ಗಸೂಚಿಯ ಸಾಮಾನ್ಯ ಕಲ್ಲಿದ್ದಲು ಟನ್ನಿಗೆ 25.8 ಶತಕೋಟಿ ಜೌಲಿನಷ್ಟು ಶಾಖ ಕೊಡುತ್ತದೆ. ಬೂದಿ ಹೆಚ್ಚಾಗಿರುವ ನಮ್ಮ ಕಲ್ಲಿದ್ದಲು ಅಷ್ಟನ್ನು ಕೊಡಲಾರದು. 2004ರ ಮೊದಲ ವರದಿಗಾಗಿ ನಡೆದ ಸಂಶೋಧನೆಯು ಕೋಕಿಗೆ ಬಾರದ ಭಾರತೀಯ ಕಲ್ಲಿದ್ದಲಿಗೆ ಇದನ್ನು 19.63 ಎಂದು ಗೊತ್ತುಮಾಡಿತು. ಅಷ್ಟು ಶಾಖಕ್ಕೆ ಹೊರಡುವ ಇಂಗಾಲವನ್ನು ಮಾತ್ರ ಮಾರ್ಗಸೂಚಿಯ 25.8ರ ಬದಲು ಸ್ವಲ್ಪ ಹೆಚ್ಚಾಗಿ, ಎಂದರೆ 26.13 ಎಂದು ಇಟ್ಟಿತು. ಇದರ ಪರಿಣಾಮವನ್ನು ವಿದ್ಯಾರ್ಥಿಗಳೇ ಗುಣಿಸಿ ನೋಡಬಹುದು. ಇಂಗಾಲವೆಲ್ಲ ಪೂರ್ತಿಯಾಗಿ ಉರಿಯಿತೆಂದು ಹಿಡಿದರೆ, ಪರದೇಶದ ಗುಣಾಂಕದಂತೆ ಒಂದು ಟನ್ನು ಕಲ್ಲಿದ್ದಲಿಗೆ 2.44 ಟನ್ನು ಇಂಗಾಲದ ಡೈಆಕ್ಸೈಡು ಬರುತ್ತದೆ, ನಮ್ಮದರಂತೆ 1.88 ಟನ್ನು. ರಾಯಚೂರಿನ ಶಕ್ತಿನಗರದ ಕುಲುಮೆಗೆ ಬೀಳುವ ಒಂದೊಂದು ಟನ್ನಿಗೂ ಅರ್ಧ ಟನ್ನಿಗಿಂತ ಹೆಚ್ಚಿನ ಅಂತರ ಇದು.

ದನಕರುಗಳ ವಿಷಯದಲ್ಲಿಯೂ ಹಾಗೆಯೇ. ಮೆಲುಕುಹಾಕುವ ಪ್ರಾಣಿಯ ಹೊಟ್ಟೆಯಲ್ಲಿ ಮೇವು ಹುದುಗುವಾಗ ಮೀಥೇನು ಹುಟ್ಟುತ್ತದೆ. 1996ರ ಮಾರ್ಗಸೂಚಿಯು ಭಾರತ ಉಪಖಂಡದ ಹಾಲುಕರೆಯುವ ಹಸುವಿಗೆ ವರ್ಷಕ್ಕೆ 46 ಕಿಲೋ ಮೀಥೇನು ಎಂದಿತು. 2006ರದು 58 ಎಂದಿತು. ನಮ್ಮ ವರದಿಗಳು ನಾಡಹಸುವಿಗೆ 28, ಮಿಶ್ರತಳಿಗೆ 43 ಎಂದು ಬೇರೆಬೇರೆಯಾಗಿ ಇಟ್ಟುವು. ಬೀದರ–ಕಲಬುರಗಿ ಸೀಮೆಯ ದೇವಣಿ ಹಸುವನ್ನೂ ವಿಲಾಯತಿ ತಳಿಯ ಹಸುವನ್ನೂ ಒಂದೇ ಸಂಖ್ಯೆಯಿಂದ ಗುಣಿಸುವುದು ಅವಿಚಾರವೆಂದು ನಮ್ಮ ಯಾವ ರೈತನೂ ಹೇಳಿಯಾನು. ಈ ಕೆಲಸದಲ್ಲಿ ಕರ್ನಾಟಕದ ಪಾಲೂ ಉಂಟು: ಬೆಂಗಳೂರಿನ ರಾಷ್ಟ್ರೀಯ ಪಶು ಪೋಷಣ ಮತ್ತು ಶರೀರಕ್ರಿಯಾ ಸಂಸ್ಥೆಯು ದನಕರುಗಳ ಮೀಥೇನಿನ ಲೆಕ್ಕದಲ್ಲಿಯೂ, ಭಾರತೀಯ ವಿಜ್ಞಾನ ಮಂದಿರವು ಕಾಡು ಮತ್ತು ನೆಲಬಳಕೆಯ ಲೆಕ್ಕದಲ್ಲಿಯೂ ದುಡಿದಿವೆ.

ಇಷ್ಟರವರೆಗೆ ಪ್ರಶಂಸೆಯಾಯಿತು. ಇನ್ನು ವ್ಯವಸ್ಥೆಯ ಮಾತಿಗೆ ಬರೋಣ.

‘ರಾಷ್ಟ್ರೀಯ ವ್ಯವಸ್ಥೆ’ ಎಂಬ ಪದಕ್ಕೆ ಕ್ಯೋಟೋ ಒಡಂಬಡಿಕೆಯ 5ನೆಯ ವಿಧಿಯಿಂದ ನಿರ್ದಿಷ್ಟವಾದ ಅರ್ಥ ಬಂದಿತು. ಮುಂದುವರಿದ ರಾಷ್ಟ್ರಗಳು 2007ರೊಳಗೆ ಇಂತಹ ವ್ಯವಸ್ಥೆಯನ್ನು ಸ್ಥಾಪಿಸಬೇಕಾಗಿತ್ತು. ಲೆಕ್ಕಕ್ಕೆ ಹೊಣೆಯಾದ ಒಂದೇ ಸಂಸ್ಥೆ, ಮಾಹಿತಿಯನ್ನು ಪಡೆಯಲು ಕಾನೂನಿನ ಬಲ, ಲೆಕ್ಕ ಮಾಡಿದವರಲ್ಲದ ಬೇರೆಯವರಿಂದ ತಪಾಸಣೆ, ಹಳೆಯ ಕಡತಗಳನ್ನು ಕಾಯುವ ಭಂಡಾರ, ಹೊಸ ವಿಧಾನ ಬಂದಾಗ ಹಿಂದಿನ ವರ್ಷಗಳನ್ನೆಲ್ಲ ಮರಳಿ ಗಣಿಸುವ ಕಟ್ಟುಪಾಡು—ಇವು ಅದರ ಅಂಗಗಳು. ಜಪಾನು 2002ರಲ್ಲಿ ತ್ಸುಕುಬಾದ ರಾಷ್ಟ್ರೀಯ ಪರಿಸರ ಅಧ್ಯಯನ ಸಂಸ್ಥೆಯೊಳಗೆ ಇದಕ್ಕಾಗಿಯೇ ಒಂದು ಕಚೇರಿಯನ್ನು ತೆರೆಯಿತು. ಆ ಕಚೇರಿಯವರಿಗೆ ಬೇರೆ ಕಸಬಿಲ್ಲ; ಪ್ರತಿ ವರ್ಷವೂ ಅದೇ ಲೆಕ್ಕ. ಭಾರತಕ್ಕೆ ಆಗ ಇಂತಹ ನಿರ್ಬಂಧವಿರಲಿಲ್ಲ. ಜಾಗತಿಕ ಪರಿಸರ ನಿಧಿಯ ಹಣ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಮೂಲಕ ಬರುತ್ತಿತ್ತು. ಹಣ ಬಂದಾಗ ಸಂಸ್ಥೆಗಳು ಕೂಡುತ್ತಿದ್ದುವು, ವರದಿ ಮುಗಿದಾಗ ಚದುರುತ್ತಿದ್ದುವು. ಒಬ್ಬ ಸಂಶೋಧಕನು ಗುತ್ತಿಗೆ ಮುಗಿದು ಬೇರೆಡೆಗೆ ಹೋದರೆ ಅವನ ಗಣಕಯಂತ್ರದೊಡನೆ ಖಿರ್ದಿಯೂ ಹೋಗುವ ಅಪಾಯ ಇಂತಹ ಏರ್ಪಾಡಿನಲ್ಲಿ ಸದಾ ಇರುತ್ತದೆ. ಶಾಶ್ವತವಾದ ಗಣನಾ ನಿರ್ವಹಣ ವ್ಯವಸ್ಥೆಯೊಂದು ಬೇಕೆಂಬ ಮಾತು ನಮ್ಮ ವರದಿಗಳಲ್ಲಿಯೇ ಬಂದಿದೆ. ಅದರಿಂದ ಸಮಸ್ಯೆ ಅವುಗಳ ಕರ್ತೃಗಳಿಗೆ ತಿಳಿಯದುದಲ್ಲವೆಂದಾಯಿತು.

2010ರ ಗಣನೆಯನ್ನು ಇಲ್ಲಿ ವಿಶೇಷವಾಗಿ ಹೇಳಬೇಕು. ಅದರಲ್ಲಿ 17 ಸಂಸ್ಥೆಗಳ 80ಕ್ಕೂ ಹೆಚ್ಚು ವಿಜ್ಞಾನಿಗಳು ಭಾಗವಹಿಸಿದ್ದರು. 2007ರ ಉತ್ಸರ್ಜನೆಯನ್ನು ಅದು ಮೂರೇ ವರ್ಷಗಳಲ್ಲಿ ಜನರ ಮುಂದಿಟ್ಟಿತು. ಉಳಿದ ವರದಿಗಳನ್ನು ನೋಡಿ: 1994ರ ಲೆಕ್ಕ 2004ರಲ್ಲಿ ಬಂದಿತು, 2000ದ್ದು 2012ರಲ್ಲಿ, 2010ರದು 2016ರಲ್ಲಿ, 2014ರದು 2018ರಲ್ಲಿ, 2016ರದು 2021ರಲ್ಲಿ, 2019ರದು 2023ರಲ್ಲಿ, 2020ರದು 2024ರಲ್ಲಿ. ಅಂತರ ಹನ್ನೆರಡರಿಂದ ನಾಲ್ಕು ವರ್ಷಗಳಿಗೆ ಇಳಿದಿರುವುದು ಸಂತೋಷದ ಸಂಗತಿ. ಆದರೂ ಕೈಯಲ್ಲಿ ಚಾಕು ಮತ್ತು ಬ್ರೆಡ್ಡು ಇದ್ದವನಂತೆ ಬೇಕಾದ ಕಡೆ ಕತ್ತರಿಸಿದ ಹಾಗೆ ವರ್ಷಗಳು ಬಿಡಿಬಿಡಿಯಾಗಿ ಬಿದ್ದಿವೆ, ಸರಣಿಯೆಂಬುದು ಕಟ್ಟಿಲ್ಲ.

ಸರಣಿಯಿಲ್ಲದುದರ ಕೇಡು ಏನೆಂಬುದಕ್ಕೆ ನೆಲಬಳಕೆಯ ಪುಟವೇ ಸಾಕ್ಷಿ. 1994ರ ಲೆಕ್ಕದಂತೆ ನಮ್ಮ ಕಾಡೂ ನೆಲವೂ ಸೇರಿ ಸುಮಾರು 1.4 ಕೋಟಿ ಟನ್ನು ಅನಿಲವನ್ನು ವಾಯುಮಂಡಲಕ್ಕೆ ಬಿಟ್ಟುವು. 2000ದ ಲೆಕ್ಕದಂತೆ ಅವೇ ಸುಮಾರು 22 ಕೋಟಿ ಟನ್ನನ್ನು ಹೀರಿಕೊಂಡುವು. ಆರು ವರ್ಷಗಳಲ್ಲಿ ಭಾರತದ ಕಾಡು ಇಂತಹ ಕಾಯಕಲ್ಪವನ್ನು ಪಡೆಯಿತೇ? ಎರಡು ವರದಿಗಳು ಅನುಸರಿಸಿದ ವಿಧಾನ ಒಂದೇ ಅಲ್ಲ. ಮೊದಲನೆಯದು 1996ರ ಮಾರ್ಗಸೂಚಿಯಂತೆ, ಎರಡನೆಯದು 2003ರ ಹೊಸ ನಿರ್ದೇಶನದಂತೆ ನಡೆಯಿತು. ಹೊಸ ವಿಧಾನದಿಂದ 1994ನ್ನೂ ಮರಳಿ ಗಣಿಸಿ ಪಕ್ಕದಲ್ಲಿ ಇಟ್ಟಿದ್ದರೆ, ಬದಲಾದುದು ಕಾಡೋ ಲೇಖನಿಯೋ ಎಂಬುದು ಓದುಗನಿಗೆ ತಿಳಿಯುತ್ತಿತ್ತು. ಇದರ ಮೇಲೆ ನಮ್ಮ ಅರಣ್ಯ ಸರ್ವೇಕ್ಷಣೆಯವರ ಪರಿಭಾಷೆಯೊಂದು: ಒಂದು ಹೆಕ್ಟೇರಿಗೆ ಕಡಿಮೆಯಿಲ್ಲದೆ, ನೂರಕ್ಕೆ ಹತ್ತು ಪಾಲು ಮರದ ನೆರಳಿರುವ ನೆಲವೆಲ್ಲವೂ, ಯಾರ ಒಡೆತನದ್ದಾಗಲಿ ಯಾವ ಮರದ್ದಾಗಲಿ, ಅರಣ್ಯಾವರಣವೇ. ಕೊಡಗಿನ ಕಾಫಿಯ ತೋಟವೂ ಈ ಲೆಕ್ಕದಲ್ಲಿ ಕಾಡು. ಇಂಗಾಲದ ದೃಷ್ಟಿಯಿಂದ ಇದು ತಪ್ಪಲ್ಲ. ಆದರೆ ಓದುಗನು ‘ಕಾಡು’ ಎಂದೊಡನೆ ಕಣ್ಣಮುಂದೆ ತಂದುಕೊಳ್ಳುವ ವಸ್ತು ಬೇರೆ.

ಇದಕ್ಕಿಂತಲೂ ಗುರುತರವಾದ ಆಕ್ಷೇಪಣೆಯೊಂದಿದೆ. ಪ್ಯಾರಿಸ್ ಒಪ್ಪಂದದಂತೆ ಭಾರತವು 2022ರಲ್ಲಿ ತಿದ್ದಿ ಒಪ್ಪಿಸಿದ ಸಂಕಲ್ಪವು, ರಾಷ್ಟ್ರೀಯ ಉತ್ಪನ್ನದ ಒಂದೊಂದು ಮಾನಕ್ಕೆ ಹೊರಡುವ ಅನಿಲವನ್ನು 2030ರೊಳಗೆ 2005ರ ಮಟ್ಟಕ್ಕಿಂತ ನೂರಕ್ಕೆ 45ರಷ್ಟು ತಗ್ಗಿಸುವುದು. ಈ ತಗ್ಗುವಿಕೆ 2014ಕ್ಕೆ 21, 2016ಕ್ಕೆ 24, 2019ಕ್ಕೆ 33, 2020ಕ್ಕೆ 36 ಎಂದು ವರದಿಗಳು ಕ್ರಮವಾಗಿ ಸಾರಿವೆ. ವಾಚಕರು ಮೇಲಿನ ಎಂಟು ಗಣನೆಗಳ ವರ್ಷಗಳನ್ನು ಇನ್ನೊಮ್ಮೆ ನೋಡಬೇಕು: 1994, 2000, 2007, 2010, 2014, 2016, 2019, 2020. ಅವುಗಳಲ್ಲಿ 2005 ಇಲ್ಲ. ಯಾವ ಮೆಟ್ಟಿಲಿನಿಂದ ಇಳಿಯುತ್ತಿದ್ದೇವೆಂದು ಲೋಕಕ್ಕೆ ಹೇಳಿದೆವೋ ಆ ಮೆಟ್ಟಿಲಿಗೆ ಉಳಿದ ವರ್ಷಗಳಂತೆ ತನ್ನದೇ ಆದ ಒಂದು ಗಣನೆಯ ವರದಿಯಿಲ್ಲ. ಈ ಶೇಕಡಾ ಸಂಖ್ಯೆಗಳು ಸುಳ್ಳೆಂದು ನಾನು ಹೇಳುತ್ತಿಲ್ಲ. ಸಚಿವಾಲಯವು ಅವನ್ನು ಸರಿಯಾಗಿಯೇ ಹಾಕಿರಬಹುದು. ಆದರೆ ಭಾಗಾಕಾರದಲ್ಲಿ ಛೇದವನ್ನು ಪ್ರತ್ಯೇಕವಾಗಿ ಬಿಡಿಸಿ ತೋರಿಸದೆ ಫಲವನ್ನು ಮಾತ್ರ ಹೇಳುವ ಗಣಿತಕ್ಕೆ ನಮ್ಮ ಪ್ರೌಢಶಾಲೆಗಳಲ್ಲಿ ಪೂರ್ಣ ಅಂಕ ಕೊಡುವ ರೂಢಿಯಿಲ್ಲ.

ತೂಕದ ಬಟ್ಟಿನ ಮಾತೊಂದು ಉಳಿದಿದೆ. ಮೀಥೇನು, ನೈಟ್ರಸ್ ಆಕ್ಸೈಡುಗಳನ್ನು ಇಂಗಾಲದ ಡೈಆಕ್ಸೈಡಿನ ಮಾನಕ್ಕೆ ತರಲು ಮೊದಲ ವರದಿಯು 21 ಮತ್ತು 310 ಎಂಬ ಬಟ್ಟುಗಳನ್ನು ಬಳಸಿತು. ಪ್ಯಾರಿಸ್ ಒಪ್ಪಂದದ ನಿಯಮಗಳು 28 ಮತ್ತು 265ನ್ನು ಬಳಸಬೇಕೆನ್ನುತ್ತವೆ. 28 ಕಿಲೋ ಮೀಥೇನು ಬಿಡುವ ನಾಡಹಸುವು ಹಳೆಯ ಬಟ್ಟಿನಲ್ಲಿ 588 ಕಿಲೋ, ಹೊಸ ಬಟ್ಟಿನಲ್ಲಿ 784 ಕಿಲೋ ತೂಗುತ್ತದೆ. ಹಸು ಅದೇ, ಮೇವು ಅದೇ. ಹೀಗಿರುವಾಗ ಹಳೆಯ ವರದಿಯ ಮೊತ್ತವನ್ನು ಹೊಸದರ ಪಕ್ಕದಲ್ಲಿಟ್ಟು ಕೃಷಿಯ ಉತ್ಸರ್ಜನೆ ಏರಿತು, ಇಳಿಯಿತು ಎಂದು ಬರೆಯುವ ಪತ್ರಿಕಾಲೇಖನಗಳನ್ನು ಎಚ್ಚರದಿಂದ ಓದಬೇಕು.

ವ್ಯವಸ್ಥೆ ಕಟ್ಟುವುದು ನಮ್ಮ ದೇಶಕ್ಕೆ ಆಗದ ಕೆಲಸವೆಂದು ಯಾರೂ ತಿಳಿಯಬಾರದು. ಅದನ್ನು ನಾವು ಹಿಂದೆ ಒಮ್ಮೆ ಮಾಡಿದ್ದೇವೆ. ಹಿಂದಿನ ಕಂದಾಯ ಆಡಳಿತದಲ್ಲಿ ಬೆಳೆಯ ಅಂದಾಜು ‘ಆಣೆವಾರಿ’ಯಿಂದ ನಡೆಯುತ್ತಿತ್ತು. ಪೂರ್ಣ ಬೆಳೆಗೆ ಹದಿನಾರಾಣೆಯೆಂದು ಹಿಡಿದು, ಈ ಸಾಲು ಎಷ್ಟಾಣೆಯ ಬೆಳೆಯೆಂದು ಹಳ್ಳಿಯ ಅಧಿಕಾರಿ ಕಣ್ಣಳತೆಯಿಂದ ಹೇಳುತ್ತಿದ್ದನು. ಕಂದಾಯದ ಮಾಫಿಯೂ ಬರಗಾಲದ ಪರಿಹಾರವೂ ಆ ಅಂಕಿಯನ್ನೇ ಅವಲಂಬಿಸಿದ್ದುದರಿಂದ ಕಣ್ಣು ಎಷ್ಟರಮಟ್ಟಿಗೆ ನಿಷ್ಪಕ್ಷಪಾತವಾಗಿರುತ್ತಿತ್ತೆಂಬುದನ್ನು ಊಹಿಸಬಹುದು. 1940ರ ದಶಕದಲ್ಲಿ ಪಿ. ವಿ. ಸುಖಾತ್ಮೆಯವರೂ ಅವರ ಸಹೋದ್ಯೋಗಿಗಳೂ ಯಾದೃಚ್ಛಿಕವಾಗಿ ಆರಿಸಿದ ಹೊಲದಲ್ಲಿ ಗೊತ್ತಾದ ಅಳತೆಯ ತುಂಡನ್ನು ಕೊಯ್ದು ತೂಗುವ ಕ್ರಮವನ್ನು ಬಳಕೆಗೆ ತಂದರು, ಬಂಗಾಳದಲ್ಲಿ ಪಿ. ಸಿ. ಮಹಲನೋಬಿಸರು ಸೆಣಬಿನ ಬೆಳೆಗೆ ಮಾದರಿ ಸಮೀಕ್ಷೆಯನ್ನು ನಡೆಸಿದ್ದರು. 1950ರಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆ ಹುಟ್ಟಿತು. ಇವುಗಳ ವೈಶಿಷ್ಟ್ಯ ವಿಧಾನದ ಚಾತುರ್ಯ ಮಾತ್ರವಲ್ಲ. ಸರ್ಕಾರಗಳು ಬಂದು ಹೋದರೂ, ಸಂಶೋಧಕರು ನಿವೃತ್ತರಾದರೂ, ಮುಂದಿನ ಹಂಗಾಮಿನಲ್ಲಿ ಯಾರೋ ಒಬ್ಬರು ಹಗ್ಗ, ಗೂಟ, ತಕ್ಕಡಿಗಳೊಡನೆ ಹೊಲಕ್ಕೆ ಹೋಗಿಯೇ ತೀರುತ್ತಾರೆ. ಅನಿಲಗಣನೆಗೆ ಬೇಕಾದುದು ಈ ಬಗೆಯ ನಿತ್ಯತೆ.

ಮಾಹಿತಿಯೇ ಇಲ್ಲವೆಂಬ ನೆಪವೂ ಈಗ ನಿಲ್ಲುವುದಿಲ್ಲ. 2001ರ ಶಕ್ತಿ ಸಂರಕ್ಷಣ ಕಾಯಿದೆಯಂತೆ ದೊಡ್ಡ ಸಿಮೆಂಟು ಕಾರ್ಖಾನೆಗಳು ತಮ್ಮ ಇಂಧನದ ಲೆಕ್ಕವನ್ನು ಒಪ್ಪಿಸಬೇಕು; 2012ರಿಂದ ಅವುಗಳ ಮೇಲೆ ಶಕ್ತಿಯ ಉಳಿತಾಯದ ಗುರಿಗಳೂ ಬಂದಿವೆ; 2023ರಲ್ಲಿ ಪ್ರಕಟವಾದ ಇಂಗಾಲ ಸಾಲಪತ್ರ ವಿನಿಮಯ ಯೋಜನೆಯ ವ್ಯಾಪ್ತಿಗೂ ಈ ಉದ್ಯಮ ಸೇರಿದೆ. ಅದೇ ಕಾರ್ಖಾನೆಯು ವಾರ್ಷಿಕ ಕೈಗಾರಿಕಾ ಸಮೀಕ್ಷೆಗೂ ತಖ್ತೆ ತುಂಬಿಕೊಡುತ್ತದೆ. ಆದರೆ 2008ರ ಸಂಖ್ಯಾಸಂಗ್ರಹ ಕಾಯಿದೆಯಂತೆ ಆ ತಖ್ತೆಯ ವಿವರಗಳನ್ನು ಕಾರ್ಖಾನೆಯ ಗುರುತು ಹತ್ತುವಂತೆ ಹೊರಗೆಡಹಕೂಡದು. ಉದ್ಯಮಿಯ ಗುಟ್ಟನ್ನು ಕಾಪಾಡುವ ಈ ನಿಯಮ ನ್ಯಾಯವಾದುದೇ. ಹಾಗಾದರೆ ಒಂದು ಕಾಯಿದೆಯ ತಖ್ತೆಯನ್ನು ಇನ್ನೊಂದರ ತಖ್ತೆಯೊಡನೆ ತಾಳೆನೋಡುವ ಅಧಿಕಾರ ಯಾರಿಗೆ? ಅನಿಲಗಣನೆಗೆಂದೇ ಒಂದು ಸಂಸ್ಥೆಗೆ ಕಾನೂನಿನಿಂದ ಆ ಅಧಿಕಾರವನ್ನು ಕೊಟ್ಟು, ಗುಟ್ಟಿನ ಹೊಣೆಯನ್ನೂ ಅದರ ಮೇಲೆ ಹೊರಿಸಿದ ಹೊರತು ಈ ತೊಡಕು ಬಿಡುವಂತಿಲ್ಲ. ಇದು ಪಂಡಿತರ ಚರ್ಚೆಯಲ್ಲ, ಹಣದ ಮಾತು. ಯುರೋಪಿನ ಒಕ್ಕೂಟವು 2026ರ ಆರಂಭದಿಂದ ಹೊರಗಿನ ಉಕ್ಕು, ಸಿಮೆಂಟು ಮುಂತಾದ ಸರಕಿನ ಮೇಲೆ ಇಂಗಾಲದ ಸುಂಕದ ಹೊಣೆಯನ್ನು ಹೊರಿಸಿದೆ. ತಪಾಸಣೆಯಾದ ಲೆಕ್ಕವಿಲ್ಲದ ಸರಕಿಗೆ ಅವರೇ ಗೊತ್ತುಮಾಡಿದ ಗುಣಾಂಕ ಬೀಳುತ್ತದೆ. 1990ರಲ್ಲಿ ಬತ್ತದ ಗದ್ದೆಗೆ ಬಂದ ಸಂಕಟ ಈಗ ತೋರಣಗಲ್ಲಿನ ಉಕ್ಕಿಗೆ ಬರಬಹುದು.

ಇನ್ನು ರಾಷ್ಟ್ರದ ಲೆಕ್ಕ ಜಿಲ್ಲೆಗೆ ಇಳಿಯುವಾಗ ಏನಾಗುತ್ತದೆ ಎಂಬುದನ್ನು ನೋಡಬೇಕು. ಕಲಬುರಗಿಯ ಬ್ರಹ್ಮಪುರದ ಮನೆಯೊಂದರಲ್ಲಿ ಉರಿಯುವ ದೀಪದ ಅನಿಲವನ್ನು ಗಣನೆಯು ಬ್ರಹ್ಮಪುರಕ್ಕೆ ಬರೆಯುವುದಿಲ್ಲ. ಕಲ್ಲಿದ್ದಲು ಉರಿದ ಊರಿಗೆ, ಉದಾಹರಣೆಗೆ ಶಕ್ತಿನಗರಕ್ಕೆ, ಬರೆಯುತ್ತದೆ. ಅದೇ ಮನೆಯ ಅಡುಗೆಯ ಅನಿಲ ಮಾತ್ರ ಬ್ರಹ್ಮಪುರದ್ದೇ. ಹಾಗೆಯೇ ಕ್ಲಿಂಕರನ್ನು ಒಂದೂರಿನಲ್ಲಿ ಸುಟ್ಟು, ದೂರದ ಇನ್ನೊಂದೂರಿನಲ್ಲಿ ಅರೆದು ಸಿಮೆಂಟು ಮಾಡುವುದುಂಟು. ಸಿಮೆಂಟಿನ ಉತ್ಪಾದನೆಯಿಂದ ಲೆಕ್ಕ ಹಿಡಿದರೆ ಕಲ್ಲು ಸುಡದ ಊರಿಗೆ ಅನಿಲ ಅಂಟಿಕೊಳ್ಳುತ್ತದೆ, ಸುಟ್ಟ ವಾಡಿಯು ಪಾರಾಗುತ್ತದೆ. ಕಮಲಾಪುರದ ಕೆಂಪು ಬಾಳೆಯ ತೋಟಕ್ಕೆ ಹಾಕಿದ ಗೊಬ್ಬರದಿಂದ ಹೊರಡುವ ನೈಟ್ರಸ್ ಆಕ್ಸೈಡನ್ನು ಗೊಬ್ಬರದ ಮಾರಾಟದಿಂದ ಅಳೆಯುತ್ತಾರೆ. ಅಂಗಡಿಯಲ್ಲಿ ಮಾರಿದ ಚೀಲ ಅದೇ ತಾಲ್ಲೂಕಿನ ಹೊಲಕ್ಕೆ ಬಿತ್ತೆಂಬ ಭರವಸೆಯಿಲ್ಲ. ರಾಷ್ಟ್ರದ ಮೊತ್ತದಲ್ಲಿ ಇಂತಹ ಅದಲುಬದಲುಗಳು ಒಂದನ್ನೊಂದು ಹೊಡೆದುಹಾಕುತ್ತವೆ. ಜಿಲ್ಲೆಯ ಮೊತ್ತದಲ್ಲಿ ಅವೇ ಇಡೀ ಲೆಕ್ಕವನ್ನು ತಲೆಕೆಳಗು ಮಾಡಬಲ್ಲವು. ಆದುದರಿಂದ ರಾಷ್ಟ್ರದ ಅಂಕಿಯನ್ನು ಜನಸಂಖ್ಯೆಯಿಂದ ಭಾಗಿಸಿ ಜಿಲ್ಲೆಗೆ ಹಂಚುವ ಪ್ರಬಂಧಗಳಿಗೆ ಬೆಲೆ ಅಲ್ಪ.

ಬೇಕಾದುದು ಕೆಳಗಿನಿಂದ ಮೇಲಕ್ಕೆ ಕಟ್ಟುವ ಲೆಕ್ಕ. ಅದಕ್ಕೆ ಕರ್ನಾಟಕದಲ್ಲಿ ಅನುಕೂಲಗಳು ಹಲವು. ‘ಭೂಮಿ’ ಯೋಜನೆಯಿಂದ ಪಹಣಿಗಳು ಗಣಕಯಂತ್ರಕ್ಕೆ ಏರಿವೆ. ಹೊಲಹೊಲಕ್ಕೆ ಹೋಗಿ ಬೆಳೆಯ ಚಿತ್ರ ತೆಗೆದು ದಾಖಲಿಸುವ ಬೆಳೆ ಸಮೀಕ್ಷೆ ನಡೆಯುತ್ತಿದೆ. ಜಾನುವಾರು ಗಣತಿಯಲ್ಲಿ ತಳಿಯ ವಿವರವೂ ಬರುತ್ತದೆ. ನಮ್ಮ ಜಿಲ್ಲೆಗೆ ವಿಶಿಷ್ಟವಾದ ಒಂದು ಮೂಲವನ್ನು ಮಾತ್ರ ಇಲ್ಲಿ ಹೇಳಿ ಮುಗಿಸುತ್ತೇನೆ. ತೊಗರಿ ಬಡಿದ ಮೇಲೆ ಉಳಿಯುವ ಕಟ್ಟಿಗೆಯು ಹಳ್ಳಿಯ ಒಲೆಗೆ ಹೋಗುತ್ತದೆ, ಇಲ್ಲವೆ ಬದುವಿನಲ್ಲಿ ಸುಟ್ಟುಹೋಗುತ್ತದೆ. ಅದರ ಇಂಗಾಲದ ಡೈಆಕ್ಸೈಡು ಮುಂದಿನ ಬೆಳೆಗೆ ಮರಳುವುದೆಂದು ಗಣನೆಯು ಮೊತ್ತದಲ್ಲಿ ಸೇರಿಸುವುದಿಲ್ಲ. ಮೀಥೇನು, ನೈಟ್ರಸ್ ಆಕ್ಸೈಡುಗಳನ್ನು ಸೇರಿಸುತ್ತದೆ. ಇದನ್ನು ಗಣಿಸಲು ನಾಲ್ಕು ಅಂಕಿಗಳು ಸಾಕು: ತೊಗರಿಯ ವಿಸ್ತೀರ್ಣ, ಇಳುವರಿ, ಕಾಳಿಗೂ ಕಟ್ಟಿಗೆಗೂ ಇರುವ ತೂಕದ ಪ್ರಮಾಣ, ಒಲೆಗೆ ಹೋದ ಪಾಲು. ಮೊದಲ ಎರಡು ಸರ್ಕಾರದ ಬೆಳೆ ಸಮೀಕ್ಷೆಯಲ್ಲಿಯೂ ಕಟಾವು ಪ್ರಯೋಗದಲ್ಲಿಯೂ ದೊರೆಯುತ್ತವೆ. ಮೂರನೆಯದನ್ನು ಹೊಲದಲ್ಲಿ ತೂಗಬೇಕು. ನಾಲ್ಕನೆಯದನ್ನು ಮನೆಮನೆಗೆ ಹೋಗಿ ಕೇಳಬೇಕು, ಅದೂ ಅಡುಗೆ ಅನಿಲದ ಉಜ್ವಲಾ ಯೋಜನೆ 2016ರಲ್ಲಿ ಬಂದ ಮೇಲೆ ಒಲೆಯ ರೂಢಿ ಎಷ್ಟು ಬದಲಾಗಿದೆಯೆಂಬುದನ್ನು ಸೇರಿಸಿ. ಎರಡೂ ಕಾಲೇಜು ವಿದ್ಯಾರ್ಥಿಗಳ ಶಕ್ತಿಗೆ ಮೀರಿದ ಕೆಲಸಗಳಲ್ಲ. ತೊಗರಿಯ ಕೊಯಿಲು ನಮ್ಮಲ್ಲಿ ಡಿಸೆಂಬರ್, ಜನವರಿಗಳಲ್ಲಿ ಬೀಳುವುದರಿಂದ ತೂಗುವ ಕೆಲಸವನ್ನು ಆ ಎರಡು ತಿಂಗಳುಗಳಲ್ಲಿಯೇ ಮಾಡಬೇಕು. ಅದೇ ಹೊಲಗಳಲ್ಲಿ, ಅದೇ ತಕ್ಕಡಿಯಲ್ಲಿ, ಮರುವರ್ಷವೂ.